ಹಳೇ ಹಾರ್ಡ್ ಡಿಸ್ಕ್, ಅಪ್ಪನ ಫೋಟೊ: ಕಳೆದುಹೋದ ಫೈಲ್ ವಾಪಸ್ ಸಿಗುತ್ತಾ?

ಇವತ್ತು ನಮ್ಮನೇಲೇ ನಡೆದ ಒಂದು ವಿಷಯ ಹೇಳ್ತೀನಿ.

ಅಪ್ಪನ ವರ್ಷದ ತಿಥಿ ಹತ್ತಿರ ಬಂದಿತ್ತು. ಗೋಡೆಗೆ ಹಾಕೋಕೆ ಒಳ್ಳೇ ಫೋಟೊ ಬೇಕಿತ್ತು. ಅಮ್ಮ, ‘ಹಳೇ ಕಂಪ್ಯೂಟರ್‌ನಲ್ಲಿ ಇತ್ತಲ್ಲೇ, ಜೋಗಕ್ಕೆ ಹೋದಾಗ ತೆಗೆದಿದ್ದು’ ಅಂದ್ರು. ಅದು 2007ರಲ್ಲಿ ತಗೊಂಡ ಡೆಸ್ಕ್‌ಟಾಪ್. ಕಂಪ್ಯೂಟರ್ ಗುಜರಿಗೆ ಹೋಗಿತ್ತು, ಅದರ 80 ಜಿಬಿ ಹಾರ್ಡ್ ಡಿಸ್ಕ್ ಮಾತ್ರ ಅಟ್ಟದ ಮೇಲೆ ಉಳಿದಿತ್ತು.

ಅಡಾಪ್ಟರ್ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಪರದೆ ಮೇಲೆ ಬಂದಿದ್ದು: ಈ ಡಿಸ್ಕ್ ಬಳಸಬೇಕಾದ್ರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ? ನನ್ನ ಬೆರಳು ಆ ಬಟನ್ ಮೇಲೇ ಇತ್ತು. ಒತ್ತಲಿಲ್ಲ. ಇಡೀ ಕಥೆಯಲ್ಲಿ ನಾನು ಮಾಡಿದ ಅತ್ಯಂತ ಒಳ್ಳೇ ಕೆಲಸ ಅದೊಂದೇ.

ಯಾಕೆ ಅಂತ ನೋಡೋಣ. ಒಂದು ಅಡಿಕೆ ಮಂಡಿ ನೆನಪಿಸಿಕೊಳ್ಳಿ. ಗೋದಾಮಿನ ತುಂಬ ಮೂಟೆಗಳು. ಯಾವ ಮೂಟೆ ಯಾರದು, ಯಾವ ಸಾಲಿನಲ್ಲಿದೆ ಅನ್ನೋದೆಲ್ಲ ಬಾಗಿಲ ಹತ್ತಿರದ ರಿಜಿಸ್ಟರ್‌ನಲ್ಲಿರುತ್ತೆ. ಆ ರಿಜಿಸ್ಟರೇ ಫೈಲ್ ಸಿಸ್ಟಮ್. ರಿಜಿಸ್ಟರ್ ಹರಿದುಹೋದ್ರೆ ಮಂಡಿಯವರಿಗೆ ಏನೂ ಗೊತ್ತಾಗಲ್ಲ, ಆದ್ರೆ ಮೂಟೆಗಳು ಅಲ್ಲೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಹೊಸ ಖಾಲಿ ರಿಜಿಸ್ಟರ್ ತಂದಿಡೋದು. ಆಮೇಲೆ ಬರೋ ಹೊಸ ಮೂಟೆ ಹಳೇ ಮೂಟೆ ಇದ್ದ ಜಾಗಕ್ಕೇ ಬೀಳಬಹುದು. ಹಾಗೆ ಬಿದ್ದ ಜಾಗದಲ್ಲಿದ್ದದ್ದು ಮತ್ತೆ ಸಿಗಲ್ಲ.

ಹಾಗಾಗಿ ಮೊದಲ ನಿಯಮ: ಆ ಡಿಸ್ಕ್ ಮೇಲೆ ಏನನ್ನೂ ಬರೆಯಬೇಡಿ. ರಿಕವರಿ ಸಾಫ್ಟ್‌ವೇರನ್ನು ಅದರಲ್ಲೇ ಇನ್‌ಸ್ಟಾಲ್ ಮಾಡಬೇಡಿ. ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಈಗಲೇ ಬೇಡ. ಅದು ರಿಜಿಸ್ಟರನ್ನು ಸರಿಪಡಿಸುತ್ತೆ, ನಿಮ್ಮ ಫೋಟೊನ ಅಲ್ಲ. ಲೆಕ್ಕ ಸರಿಹೋಗದ ಮೂಟೆಗಳನ್ನು ಹೆಸರು ಕಿತ್ತು ಪಕ್ಕಕ್ಕೆ ಹಾಕಿಬಿಡಬಹುದು.

ಎರಡನೇ ನಿಯಮ: ಮೊದಲು ನಕಲು, ಆಮೇಲೆ ಕೆಲಸ. ಎಂಜಿನಿಯರಿಂಗ್ ಓದ್ತಿರೋ ನನ್ನ ತಮ್ಮ ಒಂದು ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರುಮಾಡಿ, ‘ಡಿಡಿರೆಸ್ಕ್ಯೂ’ ಅನ್ನೋ ಉಚಿತ ತಂತ್ರಾಂಶ ಬಳಸಿದ. 80 ಜಿಬಿ ಅಂದ್ರೆ 512 ಬೈಟ್‌ನ ಸುಮಾರು 15.6 ಕೋಟಿ ಸೆಕ್ಟರ್‌ಗಳು. ಡಿಡಿರೆಸ್ಕ್ಯೂ ಚೆನ್ನಾಗಿರೋ ಭಾಗವನ್ನು ಮೊದಲು ಓದಿ ಇನ್ನೊಂದು ಡಿಸ್ಕ್‌ಗೆ ಇಳಿಸುತ್ತೆ. ಕೆಟ್ಟಿರೋ ಜಾಗ ಬಂದ್ರೆ ಅಲ್ಲೇ ಗುದ್ದಾಡಲ್ಲ, ಹಾರಿ ಮುಂದೆ ಹೋಗಿ, ಕೊನೆಗೆ ವಾಪಸ್ ಬಂದು ಪ್ರಯತ್ನಿಸುತ್ತೆ. ಎಲ್ಲೆಲ್ಲಿ ಓದಿ ಆಯ್ತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತೆ. ನಡುವೆ ಕರೆಂಟ್ ಹೋದ್ರೂ ಮೊದಲಿಂದ ಶುರುಮಾಡಬೇಕಿಲ್ಲ. ನಮಗೆ ಒಂದು ರಾತ್ರಿ, ಒಂದು ಹಗಲು ಹಿಡೀತು.

ನಕಲು ಕೈಗೆ ಬಂದ ಮೇಲೆ ಧೈರ್ಯ ಬಂತು. ಇನ್ನು ಏನು ಎಡವಟ್ಟಾದ್ರೂ ಮೂಲ ಡಿಸ್ಕ್ ಹಾಗೇ ಇರುತ್ತಲ್ಲ! ಮೊದಲು ‘ಟೆಸ್ಟ್‌ಡಿಸ್ಕ್’ ನಡೆಸಿದ್ವಿ. ರಿಜಿಸ್ಟರ್‌ನ ಕೆಲವು ಪುಟಗಳಿಗೆ ಕಾರ್ಬನ್ ಪ್ರತಿ ಇರುತ್ತೆ. ಉದಾಹರಣೆಗೆ, ಎನ್‌ಟಿಎಫ್‌ಎಸ್‌ನಲ್ಲಿ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿ ಪಾರ್ಟಿಷನ್‌ನ ಕೊನೆಯಲ್ಲಿರುತ್ತೆ. ಅದು ಸರಿಯಾಗಿದ್ರೆ ಹಳೇ ಫೋಲ್ಡರ್‌ಗಳು ಹೆಸರು ಸಮೇತ ಸಿಗೋ ಸಾಧ್ಯತೆ ಇದೆ. ನಮ್ಮ ಅದೃಷ್ಟ ಅಷ್ಟಿರಲಿಲ್ಲ. ಒಳಗಿನ ಪುಟಗಳೂ ಹಾಳಾಗಿದ್ದವು.

ಉಳಿದದ್ದು ‘ಫೋಟೊರೆಕ್’. ಇದು ರಿಜಿಸ್ಟರ್ ಕಡೆ ನೋಡೋದೇ ಇಲ್ಲ. ಸೀದಾ ಗೋದಾಮಿಗೆ ಹೋಗಿ ಒಂದೊಂದೇ ಮೂಟೆ ಮುಟ್ಟಿ, ಇದು ಅಡಿಕೆ, ಇದು ಮೆಣಸು ಅಂತ ಗುರುತಿಸುತ್ತೆ. ಜೆಪೆಗ್ ಫೋಟೊ ಯಾವಾಗಲೂ ಎಫ್‌ಎಫ್ ಡಿ8 ಎಫ್‌ಎಫ್ ಅನ್ನೋ ಬೈಟ್‌ಗಳಿಂದಲೇ ಶುರುವಾಗುತ್ತೆ. ಅದು ಕಂಡಲ್ಲಿ ಫೋಟೊ ಇದೆ ಅಂತ ಅರ್ಥ. ತೊಂದರೆ ಏನು? ಮೂಟೆಯಲ್ಲಿ ಏನಿದೆ ಅಂತ ಗೊತ್ತಾಗುತ್ತೆ, ಯಾರದು ಅಂತ ಗೊತ್ತಾಗಲ್ಲ. ಹೆಸರು, ಫೋಲ್ಡರ್ ಎಲ್ಲ ಮಾಯ. ಒಂದೇ ಫೈಲ್ ಚೂರುಚೂರಾಗಿ ಬೇರೆಬೇರೆ ಸಾಲಿನಲ್ಲಿದ್ರೆ ಪೂರ್ತಿ ಸಿಗೋದು ಕಷ್ಟ.

ಸಾವಿರಾರು ಫೈಲ್ ಬಂತು. ಬ್ರೌಸರ್ ಉಳಿಸಿದ್ದ ಚಿಕ್ಕಚಿಕ್ಕ ಚಿತ್ರಗಳೇ ಬಹಳ. ಆದ್ರೆ ಕ್ಯಾಮೆರಾ ಬರೆದ ದಿನಾಂಕ ಫೋಟೊದ ಒಳಗೇ ಇರುತ್ತಲ್ಲ, ಅದರ ಪ್ರಕಾರ ಜೋಡಿಸಿದ್ವಿ. ಜೋಗದ ಫೋಟೊ ಸಿಕ್ತು. ಕೆಳಗಿನ ಅರ್ಧ ಬರೀ ಬೂದು ಬಣ್ಣ. ಮೇಲಿನ ಅರ್ಧದಲ್ಲಿ ಅಪ್ಪನ ಮುಖ ಇತ್ತು. ಅಮ್ಮ, ‘ಸಾಕು ಬಿಡು’ ಅಂದ್ರು.

ಇನ್ನೊಂದು ಫೈಲ್ ಸಿಕ್ತು, ವರ್ಡ್ ಫೈಲ್. ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೆಟ್ಟಿದೆ ಅಂತ ಅಳಿಸೋಕೆ ಹೊರಟಿದ್ದೆ. ಆಮೇಲೆ ಹೊಳೀತು, ಅಪ್ಪ ಟೈಪ್ ಮಾಡ್ತಿದ್ದದ್ದು ನುಡಿಯಲ್ಲಿ! ಯೂನಿಕೋಡ್ ಬಳಕೆಗೆ ಬರೋ ಮುಂಚಿನ ಫಾಂಟ್. ಅದನ್ನು ಹಾಕಿ ನೋಡಿದ್ರೆ ಚೊಕ್ಕ ಕನ್ನಡ. ಮನೆ ಕಟ್ಟಿದಾಗಿನ ಲೆಕ್ಕ: ಸಿಮೆಂಟು, ಮರಳು, ಗಾರೆಯವರ ಕೂಲಿ. ಮಧ್ಯೆ ಒಂದು ಸಾಲು, ‘ಮಗಳ ಸೈಕಲ್, ಮುಂದಿನ ತಿಂಗಳು’. ಆ ಸೈಕಲ್ ನನಗೆ ನೆನಪಿದೆ.

ಕೆಲವು ಎಚ್ಚರಿಕೆ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರ್ತಿದ್ರೆ ತಕ್ಷಣ ಪವರ್ ತೆಗೀರಿ. ಅದು ರಿಜಿಸ್ಟರ್ ಸಮಸ್ಯೆ ಅಲ್ಲ, ಯಂತ್ರದ್ದು. ಮನೇಲಿ ಬಿಚ್ಚಬೇಡಿ, ಫ್ರಿಜ್‌ನಲ್ಲಿ ಇಡಬೇಡಿ, ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಫೈಲ್ ಸಿಗದಿದ್ರೆ ಎಷ್ಟು ಹಣ ಅಂತ ಮೊದಲೇ ಕೇಳಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲ್ ಸಿಗೋದು ಇನ್ನೂ ಕಷ್ಟ. ಟ್ರಿಮ್ ಅನ್ನೋ ವ್ಯವಸ್ಥೆಯಿಂದ ಆ ಜಾಗ ಬೇಗ ಖಾಲಿಯಾಗುತ್ತೆ. ಫೋನ್‌ನಲ್ಲಿ ಅಳಿಸಿದ್ರೆ ಮೊದಲು ಟ್ರ್ಯಾಶ್ ನೋಡಿ. ಬ್ಯಾಕಪ್ ಆಗಿದ್ದ ಫೋಟೊ ಗೂಗಲ್ ಫೋಟೋಸ್‌ನ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತೆ.

ನಿಮ್ಮ ಮನೆ ಅಟ್ಟದ ಮೇಲೂ ಇಂಥದ್ದೊಂದು ಡಿಸ್ಕ್ ಇರಬಹುದು. ಇನ್ನೂ ಓಡ್ತಿರುವಾಗಲೇ ಈ ಭಾನುವಾರ ಕೆಳಗಿಳಿಸಿ, ಎರಡು ಕಡೆ ನಕಲು ಮಾಡಿಡಿ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದ್ರೆ ಮಾತ್ರ, ಬೇಡ ಅನ್ನಿ.