ಗಿಡದ ಲೆಕ್ಕ ಮತ್ತು ಕಾಡಿನ ಲೆಕ್ಕ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಬಾಳುವ ನಾವು ರಸ್ತೆ ಬೇಡವೆನ್ನಲಾರೆವು. ನಮ್ಮಲ್ಲಿ ಹಲವರ ಅನ್ನ ಲಾರಿ, ಗ್ಯಾರೇಜು, ವ್ಯಾಪಾರಗಳಿಂದ ಬರುತ್ತದೆ. ರೋಗಿಯನ್ನು ರಾತ್ರೋರಾತ್ರಿ ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ದವರಿಗೆ ಘಟ್ಟದ ರಸ್ತೆಯ ಬೆಲೆ ತಿಳಿದಿದೆ. ಆದರೆ 'ಇಲ್ಲಿ ಕಡಿದರೂ ಬೇರೆಡೆ ನೆಡುತ್ತೇವೆ' ಎಂಬ ಭರವಸೆಯನ್ನು ನಾವು ಪರೀಕ್ಷಿಸದೆ ಒಪ್ಪಬೇಕೇ?

ಯಲ್ಲಾಪುರದ ಮೂಲಕ ಸಾಗಬೇಕಾದ ಸುಮಾರು 164 ಕಿಲೋಮೀಟರಿನ ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಪ್ರಸ್ತಾವವನ್ನೇ ನೋಡಿ. ಅದಕ್ಕೆ ಕೇಳಿದ್ದ ಅರಣ್ಯ 595 ಹೆಕ್ಟೇರಿಗೂ ಅಧಿಕ. ಉರುಳಬೇಕಿದ್ದ ಮರಗಳು ಎರಡು ಲಕ್ಷಕ್ಕೂ ಹೆಚ್ಚು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಮ್ಮತಿಸಿತು. ಜೂನ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅರಣ್ಯ ಭೂಮಿ ಪಡೆದವರು ಪರಿಹಾರಾತ್ಮಕ ಅರಣ್ಯೀಕರಣಕ್ಕೆ ಹಣ ಕಟ್ಟಬೇಕೆಂಬ ನಿಯಮವಿದೆ. ಆ ಹಣದ ನಿರ್ವಹಣೆಗೆಂದೇ 2016ರಲ್ಲಿ ಕಾಯಿದೆಯೂ ಬಂದಿದೆ. ಹಣ ಕಟ್ಟಿದ್ದಕ್ಕೆ ರಶೀದಿ ಸಿಗುತ್ತದೆ. ಕಾಡು ಮರಳಿ ಸಿಗುತ್ತದೆಯೇ?

ಅಘನಾಶಿನಿ ಕಣಿವೆಯ ಸಿಂಗಳೀಕವನ್ನು ಕೇಳಿದರೆ ಉತ್ತರ ದೊರೆಯುತ್ತದೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಈ ಕೋತಿಗಾಗಿ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿತು. ಸಿಂಗಳೀಕ ನೆಲಕ್ಕಿಳಿಯುವುದು ವಿರಳ. ಕೊಂಬೆಯಿಂದ ಕೊಂಬೆಗೆ ದಾಟುತ್ತ ಉಪ್ಪಾಗೆ, ರಾಮಪತ್ರೆ, ಹಲಸು ಮುಂತಾದ ಹಣ್ಣುಗಳನ್ನು ಹುಡುಕುತ್ತದೆ. ಸಾಲಾಗಿ ನೆಟ್ಟ ಅಕೇಶಿಯಾ ತೋಪಿನಲ್ಲಿ ಅದಕ್ಕೇನಿದೆ? ಎಣಿಕೆಗೆ ಮಾತ್ರ ಅದು ಹಸಿರು. (ನಮ್ಮ ಅಂಗಡಿಗಳಿಗೆ ಬರುವ ಒಣ ಉಪ್ಪಾಗೆ ಸಿಪ್ಪೆಯೂ ಇದೇ ಕಾಡಿನ ಸಂಪತ್ತು, ವ್ಯಾಪಾರಿಗಳು ಗಮನಿಸಲಿ.)

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ನೀರಿನಿಂದ ಬೇರನ್ನು ಮೇಲೆತ್ತಿ ಉಸಿರಾಡುತ್ತವೆ. ಇಂತಹ ಜೌಗಿಗೆ ಹರಿಯುವ ಹಳ್ಳವನ್ನು ಮಣ್ಣು ಸುರಿದು ಮುಚ್ಚಿದರೆ ಯಾವ ನರ್ಸರಿಯೂ ಅದನ್ನು ಮರಳಿ ಬೆಳೆಸಲಾರದು.

ಹಾಗೆಂದು ಎಲ್ಲವೂ ಅಸಾಧ್ಯವೆಂದಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಹಾಳಾದ ಕಾಡಿನ ತುಣುಕುಗಳಲ್ಲಿ ಸ್ಥಳೀಯ ಜಾತಿಯ ಸಸಿಗಳನ್ನೇ ಬೆಳೆಸಿ, ವರ್ಷಗಟ್ಟಲೆ ಕಳೆ ಕಿತ್ತು ಕಾಪಾಡಿದ್ದಾರೆ. ಸಿಂಗಳೀಕಗಳು ವಾಹನಗಳಿಗೆ ಸಿಲುಕಿ ಸಾಯದಂತೆ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ. ಖರ್ಚು ದೊಡ್ಡದಲ್ಲ; ಬೇಕಿರುವುದು ತಾಳ್ಮೆ. ಗುತ್ತಿಗೆದಾರನ ಬಿಲ್ಲು ಪಾಸಾಗುವ ಅವಧಿಗೆ ಕಾಡು ಬೆಳೆಯುವುದಿಲ್ಲವಷ್ಟೇ.

ಆದುದರಿಂದ ಮುಂದಿನ ಸಾರ್ವಜನಿಕ ಅಹವಾಲು ಸಭೆಗೆ ನಾವೂ ಹೋಗೋಣ. ಅದನ್ನು ತೋಟಿಗರಿಗೂ ಪರಿಸರವಾದಿಗಳಿಗೂ ಬಿಟ್ಟು ಕೂರುವುದು ಬೇಡ. ಎಷ್ಟು ಗಿಡ ಎಂಬ ಪ್ರಶ್ನೆಗೆ ನಿಲ್ಲದೆ, ಯಾವ ಜಾತಿಯ ಗಿಡ, ಯಾವ ಜಾಗ, ಹತ್ತು ವರ್ಷಗಳ ಕಾಲ ನೋಡಿಕೊಳ್ಳುವವರು ಯಾರು, ಹಳ್ಳಕ್ಕೆ ಮೋರಿ ಎಲ್ಲಿ, ಕೊಂಬೆಗಳು ಕೂಡುವ ದಾರಿ ಎಲ್ಲಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ.