ಅಪ್ಪನ ಮೋಟಾರ್ ಸೈಕಲ್ಲು
(ಪುಣೆಯಲ್ಲಿ ನಮ್ಮ ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಕಾವ್ಯ, ಇತಿಹಾಸ, ಸಂಗೀತ ಮುಂತಾದ ವಿಷಯಗಳನ್ನು ಬಲ್ಲವರು ಮಾತನಾಡುವುದು ವಾಡಿಕೆ. ಇಂದು ಕೈಗೆ ಗ್ರೀಸು ಮೆತ್ತಿಕೊಂಡವರನ್ನು ಕರೆತಂದು ನಿಲ್ಲಿಸಿದ್ದೀರಿ. ಕಾರ್ಯದರ್ಶಿಗಳು "ನಿಮ್ಮ ಆ ಹಳೆಯ ಗಾಡಿಯ ಕಥೆಯನ್ನೇ ಹೇಳಿ" ಎಂದು ಒತ್ತಾಯ ಮಾಡಿದ್ದರಿಂದ ಈ ಸಾಹಸ. 'ನಾವು' ಎಂದು ಹೇಳಿಕೊಳ್ಳುವುದು ದೊಡ್ಡಸ್ತಿಕೆಯಿಂದಲ್ಲ. ನಾವು ಅಣ್ಣತಮ್ಮಂದಿರು ಇಬ್ಬರು. ಹಿರಿಯವನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಕಿರಿಯವನು ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವವನು. ಬಾಯಿ ಒಬ್ಬನದಾದರೂ ಕೆಲಸ ಇಬ್ಬರದು.

ನಮ್ಮ ಗಾಡಿ 1982ರ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. 'ಜಾವಾ' ಎಂಬುದು ಪೂರ್ವದ ದ್ವೀಪದ ಹೆಸರೆಂದು ನಾವು ಬಹುಕಾಲ ನಂಬಿದ್ದೆವು. ಹಾಗಲ್ಲ. ಚೆಕ್ ದೇಶದ ಯಾನೆಚೆಕ್ ಎಂಬವರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. 1961ರಲ್ಲಿ ಮೈಸೂರಿನಲ್ಲಿ ಈ ಗಾಡಿಗಳ ತಯಾರಿಕೆ ಮೊದಲಾಯಿತು. 1973ರಿಂದ ಅವು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬರತೊಡಗಿದವು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೂ ಅದೇ 1973ರಲ್ಲಿಯೇ ಎಂಬುದನ್ನು ಈ ಸಭೆಗೆ ನೆನಪುಮಾಡಿಕೊಡಬೇಕಾಗಿಲ್ಲ. ಕಾರ್ಖಾನೆ 1996ರಲ್ಲಿ ಮುಚ್ಚಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಹೊಸ ಗಾಡಿಗಳ ಮೇಲೆ ಮತ್ತೆ ಬಂದಿದೆ. ಆದರೆ ಅವು ಬೇರೆಯ ಸಂಸಾರ.

ಅಪ್ಪ 2019ರಲ್ಲಿ ತೀರಿಕೊಂಡರು. ಮೈಸೂರಿನ ಮನೆಯನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂಬ ಮಾತಿನಲ್ಲಿ ನಮ್ಮಿಬ್ಬರಿಗೂ ಮನಸ್ತಾಪ ಬಂತು. ಒಂದೇ ಊರಿನಲ್ಲಿದ್ದೂ ಎಂಟು ತಿಂಗಳು ಮಾತಿರಲಿಲ್ಲ. ಅಮ್ಮ ಒಂದು ತಿಂಗಳು ಒಬ್ಬನ ಮನೆಯಲ್ಲಿ, ಇನ್ನೊಂದು ತಿಂಗಳು ಮತ್ತೊಬ್ಬನ ಮನೆಯಲ್ಲಿ ಇರುತ್ತಿದ್ದರು. ಕೊನೆಗೆ ಮನೆ ಮಾರಿಹೋಯಿತು. ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಯೆಜ್ಡಿ ಉಳಿಯಿತು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದ. ಬಿ.ಕಾಂ. ಓದಿದವನೂ ಲೆಕ್ಕ ಹಾಕಿ ನೋಡಿದ. ಹತ್ತು ಸಾವಿರಕ್ಕೆ ಕೊಂಡದ್ದೆಂದು ಹಿಡಿದು, ಇಳಿಕೆಯ ಕ್ರಮದಲ್ಲಿ ವರ್ಷಕ್ಕೆ ಶೇಕಡಾ 15ರಂತೆ ಸವಕಳಿ ಕಳೆದರೆ, 40 ವರ್ಷದ ಕೊನೆಗೆ ಉಳಿಯುವುದು ಸುಮಾರು 15 ರೂಪಾಯಿ. ಆದರೆ ಈ ಕ್ರಮಕ್ಕೆ ಒಂದು ಗುಣವುಂಟು. ಎಷ್ಟು ವರ್ಷ ಕಳೆದರೂ ಬೆಲೆ ಸೊನ್ನೆಯಾಗುವುದಿಲ್ಲ. ಆ ಹದಿನೈದು ರೂಪಾಯಿಗಾಗಿ ಗಾಡಿಯನ್ನು ಲಾರಿಗೆ ಹಾಕಿಸಿ ಪುಣೆಗೆ ತಂದೆವು.

ಮೊದಲ ಭಾನುವಾರ ಕಿಕ್ ಒದ್ದರೆ ಲಿವರು ಕದಲಲಿಲ್ಲ. ವರ್ಷಗಟ್ಟಲೆ ನಿಂತು ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಇಂಥ ವೇಳೆ ಬಲಪ್ರಯೋಗ ಮಾಡಬಾರದು. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ತೆಳುವಾದ ಎಣ್ಣೆ ಬಿಟ್ಟು ಒಂದು ವಾರ ಕಾದೆವು. ಎಂಟನೆಯ ದಿನ ಅದು ಕೂದಲೆಳೆಯಷ್ಟು ಅಲುಗಿತು. ಆ ಸಂಜೆ ಎಂಟು ತಿಂಗಳ ಮೇಲೆ ನಾವಿಬ್ಬರೂ ಒಟ್ಟಿಗೆ ಕುಳಿತು ಚಹಾ ಕುಡಿದೆವು. ಮಾತು ಗಾಡಿಯದೇ, ಆದರೂ ಮಾತು ಮಾತೇ ತಾನೆ?

ಆಮೇಲೆ ಬಿಚ್ಚುವ ಕೆಲಸ. ಒಂದೊಂದು ಭಾಗವನ್ನೂ ಬಿಚ್ಚುವ ಮೊದಲು ಫೋಟೋ ತೆಗೆದು, ಬೋಲ್ಟುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿ, 'ಎಡ ಸೈಲೆನ್ಸರು', 'ಮುಂದಿನ ಬ್ರೇಕು' ಎಂದು ಕನ್ನಡದಲ್ಲಿಯೇ ಚೀಟಿ ಅಂಟಿಸಿದೆವು. ಬ್ಯಾಂಕಿನ ವೋಚರಿನ ಅಭ್ಯಾಸ ಇಲ್ಲಿ ಉಪಕಾರಕ್ಕೆ ಬಂತು. ಮನೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಬುದ್ಧಿಮಾತನ್ನು ನಾವು ಹೇಳಲಾರೆವು: ಬಿಚ್ಚುವುದು ಒಂದು ದಿನದ ಕೆಲಸ, ಕೂಡಿಸುವುದು ಒಂದು ವರ್ಷದ್ದು.

ಯೆಜ್ಡಿಯದು ಎರಡು ಸ್ಟ್ರೋಕಿನ ಇಂಜಿನ್ನು. ಸಿಲಿಂಡರು ಒಂದೇ, ಸೈಲೆನ್ಸರು ಎರಡು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕಾಗುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು; ನಾವು ಲೀಟರಿಗೆ 40 ಮಿಲಿಲೀಟರಿನಂತೆ ಬೆರೆಸುತ್ತೇವೆ. ಇಂಥ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳೇ ಪ್ರಾಣ. ಹೊರಗಿನ ಹೊಳಪಿಗೆ ಹಣ ಸುರಿದು ಇವನ್ನು ಮರೆಯುವವರು ಬಹಳ. ರಬ್ಬರು ಒಣಗಿ ಗಟ್ಟಿಯಾದರೆ ಒಂದು ಕಡೆಯಿಂದ ಗಾಳಿ ಹೊಕ್ಕು, ಪೆಟ್ರೋಲಿನ ಪಾಲು ಕಡಿಮೆಯಾಗಿ, ಇಂಜಿನ್ನು ಕಾದು ಪಿಸ್ಟನ್ನು ಮತ್ತೆ ಕಚ್ಚಿಕೊಳ್ಳುತ್ತದೆ; ಇನ್ನೊಂದು ಕಡೆಯಿಂದ ಗೇರಿನ ಎಣ್ಣೆಯನ್ನು ಎಳೆದುಕೊಂಡು ಬಿಳಿಯ ಹೊಗೆ ಕಾರುತ್ತದೆ. ಬಿಡಿಭಾಗಗಳಿಗೆ ನಾನಾಪೇಟೆಯ ಅಂಗಡಿಗಳನ್ನು ಅಲೆದೆವು. ಸಿಲಿಂಡರು ಕೊರೆಯುವುದನ್ನೂ ಕ್ರ್ಯಾಂಕಿನ ಕೆಲಸವನ್ನೂ ಭೋಸರಿಯ ಲೇತಿನವರಿಗೆ ವಹಿಸಿದೆವು. ಕೈಯಲ್ಲಾಗದ ಕೆಲಸವನ್ನು ಬಲ್ಲವರಿಗೆ ಕೊಡುವುದರಲ್ಲಿ ಅವಮಾನವಿಲ್ಲ.

ಈಗ ಜಗಳದ ಭಾಗಕ್ಕೆ ಬರೋಣ. ಕಿರಿಯವನ ಮನಸ್ಸು ಬೇರೆಯೇ ಇತ್ತು. ಹಿಂದಿನ ಚೌಕಟ್ಟನ್ನು ಕತ್ತರಿಸಿ, ಮಡ್‌ಗಾರ್ಡು ಮೊಟಕು ಮಾಡಿ, ಒಬ್ಬರೇ ಕೂರುವ ಸೀಟು ಹಾಕಿ, ಕಪ್ಪು ಬಣ್ಣ ಬಳಿದು ಹೊಸ ರೂಪ ಕೊಡಬೇಕೆಂದು ಆಸೆ. ಹಿರಿಯವನದು ಕಾರ್ಖಾನೆಯಿಂದ ಬಂದಂತೆಯೇ ಇರಬೇಕೆಂಬ ಹಟ. ಒಂದು ಶನಿವಾರ ಕಿರಿಯವನು ಕಬ್ಬಿಣ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ತಂದೇಬಿಟ್ಟ.

"ಅಣ್ಣಾ, ಅಪ್ಪನೇ ಇದನ್ನು ಬದಲಾಯಿಸಿದ್ದರಲ್ಲ! ಈ ಕೊಂಡಿ ಕಾರ್ಖಾನೆಯದೇನು?" ಎಂದ.

ಮಾತು ನಿಜವೇ. ಹಿಂದಿನ ಚೌಕಟ್ಟಿನಲ್ಲಿ ಒಂದು ಕಬ್ಬಿಣದ ಕೊಂಡಿಯಿತ್ತು. ಊರಿನಿಂದ ಅಕ್ಕಿಯ ಮೂಟೆ ತರುವಾಗ ಹಗ್ಗ ಬಿಗಿಯಲೆಂದು ಅಪ್ಪ ಮಾಡಿಸಿದ್ದು. ಹಿರಿಯವನಿಗೆ ಉತ್ತರ ತೋಚಲಿಲ್ಲ. ಕತ್ತರಿಸುವ ಮೊದಲು ಕೊಂಡಿಯನ್ನಾದರೂ ಬಿಚ್ಚಿಡೋಣವೆಂದು ಸ್ಪ್ಯಾನರು ಹಾಕಿದೆವು. ಅದಕ್ಕೆ ಬೆಸುಗೆಯಿರಲಿಲ್ಲ, ಚೌಕಟ್ಟಿಗೆ ತೂತು ಕೊರೆದಿರಲಿಲ್ಲ. ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ, ಅದರ ಮೇಲೆ ಎರಡು ಪಟ್ಟಿ ಹಾಕಿ ಬಿಗಿಸಿದ್ದರು. ಟ್ಯೂಬನ್ನು ಬಿಡಿಸಿದರೆ ಅದರಡಿಯಲ್ಲಿ ಕಾರ್ಖಾನೆಯ ಬಣ್ಣ ನಿನ್ನೆ ಬಳಿದಂತೆ ಹೊಳೆಯುತ್ತಿತ್ತು. ಉಳಿದೆಡೆಯೆಲ್ಲ ತುಕ್ಕು.

ಬಹಳ ಹೊತ್ತು ಇಬ್ಬರೂ ಸುಮ್ಮನೆ ಕುಳಿತೆವು. ಅಪ್ಪ ಬದಲಾಯಿಸಿರಲಿಲ್ಲವೆಂದಲ್ಲ, ಸೇರಿಸಿದ್ದರು, ಕತ್ತರಿಸಿರಲಿಲ್ಲ. ಬೇಡವಾದ ದಿನ ಬಿಚ್ಚಿಡಬಹುದಾದಂತೆ ಸೇರಿಸಿದ್ದರು. ಕಿರಿಯವನು ಯಂತ್ರವನ್ನು ಅಂದೇ ಹಿಂದಿರುಗಿಸಿದ. ಹಿರಿಯವನೂ ತನ್ನ ಹಟವನ್ನು ಅರ್ಧ ಬಿಟ್ಟ. ಹೊಸ ವೈರಿಂಗು, ಫ್ಯೂಸು, ಹೊಸ ಟೈರು, ಬ್ರೇಕ್ ಶೂ, ಅಗಲವಾದ ಹ್ಯಾಂಡಲು, ಮೆತ್ತನೆಯ ಸೀಟು, ಇಷ್ಟಕ್ಕೆ ಒಪ್ಪಿಗೆಯಾಯಿತು. ಎಲ್ಲವೂ ಬೋಲ್ಟಿನಿಂದ ಕೂಡಿಸುವಂಥವು. ತೆಗೆದ ಹಳೆಯ ಹ್ಯಾಂಡಲು, ಸೀಟು ಗೋಣಿಚೀಲದಲ್ಲಿ ಭದ್ರವಾಗಿವೆ.

ಕಾನೂನಿನ ಮಾತನ್ನೂ ಒಂದಿಷ್ಟು ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಇನ್ನು 2021ರ ಜುಲೈಯಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚೌಕಟ್ಟನ್ನಾಗಲಿ ಇಂಜಿನ್ನನ್ನಾಗಲಿ ಮಾರ್ಪಡಿಸದೆ ಮೂಲರೂಪದಲ್ಲಿರುವ ಗಾಡಿ ಮಾತ್ರ 'ವಿಂಟೇಜ್' ಎನಿಸಿಕೊಳ್ಳುತ್ತದೆ. ನಮ್ಮದಕ್ಕೆ ಆ ಪದವಿ ಸಿಗಲು 2032ರವರೆಗೆ ಕಾಯಬೇಕು. ಅಲ್ಲಿಯವರೆಗೆ ಅದು ಬರಿಯ ಹಳೆಯ ಗಾಡಿ. ಅಂದು ಕತ್ತರಿಸಿದ್ದರೆ ಎಂದೆಂದಿಗೂ ಬರಿಯ ಹಳೆಯ ಗಾಡಿಯೇ. ಕಾಗದಪತ್ರಗಳಲ್ಲಿ ಮೃತರ ವಾರಸುದಾರರಿಗೆ 31ನೆಯ ನಮೂನೆ, ರಾಜ್ಯ ಬದಲಾಯಿಸಲು ನಿರಾಕ್ಷೇಪಣೆಗಾಗಿ 28ನೆಯ ನಮೂನೆ. ಇಂಜಿನ್ನಿನ ಮತ್ತು ಚೌಕಟ್ಟಿನ ನಂಬರುಗಳನ್ನು ಉಜ್ಜಬೇಡಿ, ಬಣ್ಣದಲ್ಲಿ ಮುಚ್ಚಲೂಬೇಡಿ. ತಪಾಸಣೆಯವರು ಮೊದಲು ನೋಡುವುದೇ ಅವನ್ನು. ನಮಗೆ ಮಹಾರಾಷ್ಟ್ರದ ಹೊಸ ನಂಬರು ಬಂತು. ಮೈಸೂರಿನ ಹಳೆಯ ಫಲಕ ಈಗ ಹಜಾರದ ಗೋಡೆಯ ಮೇಲಿದೆ.

ಕಡೆಗೆ ಹದಿನಾಲ್ಕು ತಿಂಗಳ ಮೇಲೆ ಒಂದು ಸಂಜೆ ಎಲ್ಲವೂ ಕೂಡಿತು. ಮೈಸೂರಿನ ಆ ಕಾರ್ಖಾನೆಯಲ್ಲಿ ಹಿಂದೆ ದುಡಿದಿದ್ದ ಹಿರಿಯರೊಬ್ಬರು ಫೋನಿನಲ್ಲಿಯೇ ಹೇಳಿಕೊಟ್ಟಂತೆ ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಸರಿಪಡಿಸಿದೆವು. ಆರನೆಯ ಒದೆತಕ್ಕೆ ಇಂಜಿನ್ನು ಹೊತ್ತಿಕೊಂಡಿತು. ಕಟ್ಟಡದ ಅಂಗಳವೆಲ್ಲ ಹೊಗೆ. ನೆರೆಯವರ ಆಕ್ಷೇಪಣೆಗಳೂ ಕೂಡಲೇ ಬಂದವು. ಓಡಿಹೋಗಿ ಅಮ್ಮನಿಗೆ ಹೇಳೋಣವೆಂದು ಮೂರನೆಯ ಮಹಡಿಗೆ ಹತ್ತಿದರೆ, ಅಮ್ಮ ಅಡಿಗೆಮನೆಯಲ್ಲಿದ್ದರು. ಒಲೆಯ ಮೇಲೆ ಕಾಫಿಗೆ ನೀರು ಕುದಿಯುತ್ತಿತ್ತು. ಮೈಸೂರಿನಲ್ಲಿ ಸಂಜೆ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದೊಡನೆ ನೀರಿಡುವುದು ಅವರ ಮೂವತ್ತು ವರ್ಷದ ಅಭ್ಯಾಸ. "ಯಾಕಿಟ್ಟೆನೋ ನನಗೇ ಗೊತ್ತಾಗಲಿಲ್ಲ ಕಣಪ್ಪ" ಎಂದರು. ಮೂವರೂ ಕುಡಿದೆವು.

ಗೆಳೆಯರೇ, ಹೊರನಾಡಿನಲ್ಲಿರುವ ನಾವು ಮನೆಯ ಮಾತಿಗೆ ಮರಾಠಿಯನ್ನು ಸೇರಿಸುತ್ತೇವೆ, ಹಿಂದಿಯನ್ನು ಸೇರಿಸುತ್ತೇವೆ. ಸೇರಿಸುವುದಕ್ಕೆ ಅಂಜಬೇಕಾಗಿಲ್ಲ, ಈ ಊರಿನ ರಸ್ತೆಯಲ್ಲಿ ಓಡಬೇಕಾದ ಗಾಡಿಗೆ ಈ ಊರಿನ ಟೈರು ಬೇಕು. ಕತ್ತರಿಸುವ ಯಂತ್ರ ಕೈಗೆ ಬಂದಾಗ ಮಾತ್ರ, ಮೊದಲು ಒಂದು ಕೊಂಡಿ ಬಿಚ್ಚಿ ಅಡಿಯ ಬಣ್ಣ ಹೇಗಿದೆಯೆಂದು ನೋಡಿರಿ. ನಮ್ಮ ಲೆಕ್ಕದಲ್ಲಿ ಒಟ್ಟು 61,400 ರೂಪಾಯಿ ಖರ್ಚಾಯಿತು. ಜಮೆಯ ಕಡೆ ಗಾಡಿಯೊಂದು, ತಮ್ಮನೊಬ್ಬ. ಲೆಕ್ಕ ಸರಿಹೋಗಿದೆ.