ಮರಳಿನ ಲೆಕ್ಕ

(ಕೋಪರಖೈರಣೆಯಲ್ಲಿ ಮಾಡಿದ ಭಾಷಣದ ಪಾಠ)



ಭೂವಿಜ್ಞಾನ ಓದಿ ಕೇಂದ್ರ ಸರಕಾರದ ಸೇವೆಗೆ ಸೇರಿದವನು ನಾನು. ಸಾಹಿತ್ಯದ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಲಾರೆ. ಆದುದರಿಂದ ನಾವು ಕುಳಿತಿರುವ ಈ ಕಟ್ಟಡದ ಕುರಿತೇ ಎರಡು ಮಾತು ಹೇಳುತ್ತೇನೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ಖಾಡಿಯಂಚಿನ ಹಳ್ಳಿಗಳು ನಗರವಾದವು. ಜಲ್ಲಿ ಒದಗಿಸಿದ್ದು ಇಲ್ಲಿಯ ಕಪ್ಪುಶಿಲೆಯ ಗುಡ್ಡಗಳು. ಮರಳಿನ ನೆನಪು ಹೆಸರುಗಳಲ್ಲಿದೆ: ಮುಂಬ್ರಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಇಂದಿಗೂ ‘ರೇತಿ ಬಂದರ’ ಎಂಬ ಸ್ಥಳಗಳಿವೆ. ಆ ಮರಳನ್ನು ತಲೆಯ ಮೇಲೆ ಹೊತ್ತವರಲ್ಲಿ ಕಲಬುರ್ಗಿ, ವಿಜಾಪುರಗಳ ನಮ್ಮವರೂ ಇದ್ದರು.

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯ ಆರಂಭದಲ್ಲಿ ಭೀಮಾನದಿಯ ಪಾತ್ರವೊಂದನ್ನು ನಕಾಶೆಗೆ ಇಳಿಸಿದೆ. ದಿಬ್ಬಗಳ ಉದ್ದ, ಅಗಲ, ದಪ್ಪ ಅಳೆದು, ‘ಇಷ್ಟು ಮರಳು ಲಭ್ಯ’ ಎಂದು ಬರೆದೆ. ವರ್ಷಕ್ಕೆ ಎಷ್ಟು ಮರಳಿ ಬರುತ್ತದೆ ಎಂದು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಮೇಲೆ ಉಜನಿ ಅಣೆಕಟ್ಟು ಹೂಳನ್ನು ತಡೆದು ನಿಂತಿದೆ ಎಂಬುದು ಗೊತ್ತಿದ್ದೂ ಬರೆಯಲಿಲ್ಲ. ಕೆಲವು ವರ್ಷಗಳ ನಂತರ ಹೋದಾಗ ದಿಬ್ಬಗಳಿದ್ದಲ್ಲಿ ಹೊಂಡಗಳಿದ್ದವು. ಹಿರಿಯರೊಬ್ಬರು ಬತ್ತಿದ ಬಾವಿ ತೋರಿಸಿ, “ಸಾಹೇಬ್ರ, ಉಸುಕು ಹೋತು, ಅದರ ಬೆನ್ನಿಗೆ ನೀರೂ ಹೋತು” ಎಂದರು.

ನನ್ನ ಪದವಿ ಕಲಿಸದ ಪಾಠವದು. ಮರಳು ನದಿಯ ಕಣಜ. ಮಳೆಗಾಲದ ನೀರನ್ನು ಹಿಡಿದಿಟ್ಟು ದಂಡೆಯ ಬಾವಿಗಳಿಗೆ ನಿಧಾನವಾಗಿ ಉಣಿಸುತ್ತದೆ.

1957ರ ಕಾಯಿದೆಯ ಪ್ರಕಾರ ಮರಳು, ಜಲ್ಲಿಗಳು ‘ಉಪಖನಿಜ’. ಅವುಗಳ ನಿಯಮ ರೂಪಿಸುವ ಅಧಿಕಾರ ರಾಜ್ಯಗಳದು. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರವರಿ 27ರಂದು ಆದೇಶಿಸಿತು. 2016ರಿಂದ ಜಿಲ್ಲಾ ಸಮೀಕ್ಷಾ ವರದಿ ಕಡ್ಡಾಯವಾಯಿತು. ಮಳೆಗಾಲದ ಮೊದಲೊಮ್ಮೆ, ಅನಂತರ ಇನ್ನೊಮ್ಮೆ ಪಾತ್ರವನ್ನು ಅಳೆದರೆ ಹೊಸದಾಗಿ ಬಂದುದೆಷ್ಟು ಎಂದು ತಿಳಿಯುತ್ತದೆ. ತೆಗೆಯುವುದು ಅದನ್ನು ಮೀರಬಾರದು. ಬಡ್ಡಿಯಲ್ಲಿ ಬದುಕಬೇಕು, ಅಸಲನ್ನು ಮುಟ್ಟಬಾರದು, ಲೆಕ್ಕ ಇಷ್ಟೇ.

ಆ ವರದಿಯ ಕರಡನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಜಿಲ್ಲೆಯ ಜಾಲತಾಣದಲ್ಲೂ 21 ದಿನ ಸಾರ್ವಜನಿಕರ ಮುಂದಿಡಬೇಕೆಂಬ ನಿಯಮವಿದೆ. ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ ಇದನ್ನು ತಿಳಿಸಿರಿ. ಓದಲಿ, ‘ಮರಳಿ ಬರುವುದೆಷ್ಟು?’ ಎಂದು ಲಿಖಿತವಾಗಿ ಕೇಳಲಿ. ನಾನು ಬರೆಯದೆ ಬಿಟ್ಟ ಅಂಕಿ ಅದು.

ಇಲ್ಲಿಯ ಉಲ್ಲಾಸ ನದಿಯೂ ನಮ್ಮ ಭೀಮೆಯೂ ಹುಟ್ಟುವುದು ಒಂದೇ ಸಹ್ಯಾದ್ರಿಯಲ್ಲಿ. ಒಂದು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ ಹರಿಯುತ್ತದೆ. ಇಲ್ಲಿ ಮನೆ ಕಟ್ಟಿಕೊಂಡಿರುವ ನಾವು ಎರಡಕ್ಕೂ ಋಣಿಗಳು.